ಗೂಡಿನ ಬಾಯಲ್ಲಿ ಹೊಟ್ಟಿನ ಬಳೆ: ಬಿತ್ತಿದ ರಾಗಿ ಹೊರುವ ಇರುವೆ ಯಾವುದು, ಏನು ಮಾಡಬೇಕು

ಪ್ರಶ್ನೆ: ಮಧುಗಿರಿ ಕಡೆ ನಮ್ಮದು ಮಳೆ ನಂಬಿದ ಕೆಮ್ಮಣ್ಣಿನ ಹೊಲ. ಜುಲೈನಲ್ಲಿ ರಾಗಿ ಚೆಲ್ಲಿದ ಮಾರನೆಯ ದಿನವೇ ಕೆಂಗಂದು ಬಣ್ಣದ ಇರುವೆಗಳು ಸಾಲುಗಟ್ಟಿ ಕಾಳು ಹೊರಲು ಶುರುಮಾಡಿದವು. ಬದುವಿನ ಮೇಲೆ ಅವುಗಳ ಗೂಡಿದೆ, ಬಾಯಿಯ ಸುತ್ತ ಹೊಟ್ಟು ಬಳೆಯ ಹಾಗೆ ಬಿದ್ದಿದೆ. ಇದು ಯಾವ ಇರುವೆ? ಔಷಧಿ ಅಂಗಡಿಯವರು ಗೂಡಿಗೆ ಕೀಟನಾಶಕದ ಹರಳು ಸುರಿಯಿರಿ ಎನ್ನುತ್ತಿದ್ದಾರೆ. ಸುರಿಯಬಹುದೇ?

ಉತ್ತರ: ಸುರಿಯಬೇಡಿ. ಏಕೆಂಬುದು ಮುಂದೆ ಬರುತ್ತದೆ. ಅದಕ್ಕೂ ಮೊದಲು ಆ ಹೊಟ್ಟಿನ ಬಳೆಯನ್ನು ಗುಡಿಸಿ ಹಾಕಬೇಡಿ, ನಿಮ್ಮ ಹೊಲದಲ್ಲಿ ಆ ಇರುವೆ ಏನು ಮಾಡುತ್ತಿದೆ ಎಂಬುದರ ಲೆಕ್ಕದ ಪುಸ್ತಕ ಅದು.

ನೀವು ಹೇಳಿದ ಗುರುತುಗಳಿಗೆ ಹೆಚ್ಚು ಹೊಂದುವುದು ಟ್ರೈಕೋಮಿರ್ಮೆಕ್ಸ್ ಸ್ಕೇಬ್ರಿಸೆಪ್ಸ್. ಸ್ಕೇಬ್ರಿಸೆಪ್ಸ್ ಎಂದರೆ ಒರಟು ತಲೆಯದು ಎಂದರ್ಥ. ಹತ್ತು ಪಟ್ಟು ಹಿಗ್ಗಿಸುವ ಭೂತಗನ್ನಡಿ ಹಿಡಿದರೆ ತಲೆಯ ಮೇಲೆ ನೇಗಿಲ ಸಾಲಿನಂತೆ ಒತ್ತೊತ್ತಾದ ಗೀರುಗಳು ಕಾಣುತ್ತವೆ. 1879ರಲ್ಲಿ ಆಸ್ಟ್ರಿಯಾದ ಇರುವೆ ತಜ್ಞ ಗುಸ್ತಾವ್ ಮಾಯ್ರ್ ಇದಕ್ಕೆ ಹೋಲ್ಕೋಮಿರ್ಮೆಕ್ಸ್ ಎಂಬ ಕುಲದಡಿ ಹೆಸರಿಟ್ಟ. ಆಮೇಲೆ ಬಹುಕಾಲ ಅದು ಮೊನೊಮೋರಿಯಮ್ ಕುಲದಲ್ಲಿತ್ತು. 2015ರಲ್ಲಿ ಡಿಎನ್‌ಎ ಆಧಾರದ ವಂಶಾವಳಿ ಅಧ್ಯಯನ ಬಂದ ಮೇಲೆ ಈಗಿನ ಕುಲಕ್ಕೆ ಸೇರಿತು. ಹಳೆಯ ಕೃಷಿ ಪುಸ್ತಕದಲ್ಲಿ ಒಂದು ಹೆಸರು, ಹೊಸ ಪಟ್ಟಿಯಲ್ಲಿ ಇನ್ನೊಂದು ಕಂಡರೆ ಗಾಬರಿ ಬೇಡ, ಇರುವೆ ಒಂದೇ. ಮನೆಯ ಗೋಡೆಯಲ್ಲಿ ಸೇರಿಕೊಂಡು ವೈರಿನ ಹೊದಿಕೆ ಕಡಿಯುವ ಸಣ್ಣ ಹಳದಿ-ಕಂದು ಇರುವೆ, ಟ್ರೈಕೋಮಿರ್ಮೆಕ್ಸ್ ಡಿಸ್ಟ್ರಕ್ಟರ್, ಇದರದೇ ದಾಯಾದಿ. ಒಂದೇ ಕುಲವಾದರೂ ಬಾಳುವೆ ಬೇರೆ.

ಆದರೆ ಬಣ್ಣ ನೋಡಿ ಹೆಸರು ಹೇಳುವುದು ಅಪಾಯ. ನಮ್ಮ ಒಣಭೂಮಿ ಹೊಲಗಳಲ್ಲಿ ಕಾಳು ಹೊರುವ ಇರುವೆ ಒಂದೇ ಅಲ್ಲ. ಸಾಲಿನಲ್ಲಿರುವ ಇರುವೆಗಳ ಗಾತ್ರವನ್ನು ಮೊದಲು ನೋಡಿ. ಸಣ್ಣದು, ನಡುವಿನದು, ದೊಡ್ಡದು ಎಂದು ಮೆಟ್ಟಿಲು ಮೆಟ್ಟಿಲಾಗಿ ಎಲ್ಲ ಗಾತ್ರದವೂ ಇದ್ದು, ಎದೆಯ ಹಿಂಭಾಗದಲ್ಲಿ ಮುಳ್ಳಿಲ್ಲದಿದ್ದರೆ ಅದು ನಾವು ಹೇಳುತ್ತಿರುವ ಇರುವೆ. ಎರಡೇ ಗಾತ್ರ ಕಂಡು, ದೊಡ್ಡವಕ್ಕೆ ಮೈಗೆ ಹೊಂದದಷ್ಟು ದಪ್ಪ ತಲೆ ಇದ್ದು, ಎದೆಯ ಹಿಂದೆ ಎರಡು ಚಿಕ್ಕ ಮುಳ್ಳಿದ್ದರೆ ಅದು ಫೈಡೋಲೆ. ಮೈಯೆಲ್ಲ ಕೂದಲು, ಎದೆಯ ಮೇಲೆ ಗುರಾಣಿಯಂಥ ಹೊದಿಕೆ, ನಿಧಾನ ನಡಿಗೆ, ಮುಟ್ಟಿದರೆ ಸತ್ತಂತೆ ಮುದುಡಿಕೊಳ್ಳುವುದು ಇದ್ದರೆ ಮೆರನೊಪ್ಲಸ್ ಬೈಕಲರ್. ಸಾಸಿವೆಗಿಂತ ಚಿಕ್ಕ ಇರುವೆಗಳ ನಡುವೆ ಹತ್ತಾರು ಪಟ್ಟು ದೊಡ್ಡ ದೈತ್ಯರು ನಡೆಯುತ್ತ, ಚಿಕ್ಕವು ಅವುಗಳ ಬೆನ್ನೇರಿ ಸವಾರಿ ಮಾಡುತ್ತಿದ್ದರೆ ಕರೆಬಾರ ಡೈವರ್ಸ. ಅದು ಕಾಳನ್ನೂ ಹೊರುತ್ತದೆ, ಹುಳವನ್ನೂ ಹರಿದು ತಿನ್ನುತ್ತದೆ. ಅನುಮಾನವಿದ್ದರೆ ಮೀಸೆಯ ಗೆಣ್ಣು ಎಣಿಸಿ: ಕರೆಬಾರಕ್ಕೆ 11, ತುದಿಯ ಎರಡು ಗೆಣ್ಣು ಗದೆಯಂತೆ ದಪ್ಪ. ಸ್ಕೇಬ್ರಿಸೆಪ್ಸ್‌ಗೆ 12. ಗೊದ್ದವನ್ನು ಈ ಪಟ್ಟಿಯಿಂದ ಬಿಡಬಹುದು. ಅದು ಹೊಲದಲ್ಲಿ ಓಡಾಡುವುದು ಸಿಹಿಗೆ, ಗಿಡದ ಹೇನು ಸುರಿಸುವ ಸಿಹಿರಸಕ್ಕೆ.

ಇನ್ನೊಂದು ಗೊಂದಲವನ್ನೂ ಇಲ್ಲೇ ತೆಗೆದುಬಿಡೋಣ. ಔಡಲದ ಬೀಜದ ತುದಿಯಲ್ಲಿ ಬೆಳ್ಳನೆಯ ಮೆತ್ತನೆ ಗಂಟಿರುತ್ತದೆ. ಇರುವೆಗೆ ಬೇಕಾದುದು ಆ ಗಂಟು ಮಾತ್ರ. ಅದನ್ನು ತಿಂದು ಬೀಜವನ್ನು ಹಾಗೆಯೇ ಹೊರಗೆ ಎಸೆಯುತ್ತದೆ, ಆ ಬೀಜ ಮೊಳೆಯುತ್ತದೆ. ಅದು ಬೀಜಪ್ರಸಾರ. ರಾಗಿಯಲ್ಲಿ ಅಂಥ ಗಂಟಿಲ್ಲ, ಇಲ್ಲಿ ಹೊತ್ತದ್ದು ತಿನ್ನಲಿಕ್ಕೇ.

ಗೂಡಿನೊಳಗೆ ನಡೆಯುವುದು ಗೊತ್ತಾದರೆ ಮುಂದಿನ ಸಲಹೆಗಳು ತಾವಾಗಿ ಅರ್ಥವಾಗುತ್ತವೆ. ಬೆಳೆದ ಇರುವೆ ಗಟ್ಟಿ ಪದಾರ್ಥ ನುಂಗಲಾರದು. ಬಾಯೊಳಗಿನ ಸೋಸುಚೀಲ ಚೂರುಗಳನ್ನು ತಡೆದು ರಸವನ್ನಷ್ಟೇ ಒಳಗೆ ಬಿಡುತ್ತದೆ. ಹಾಗಾಗಿ ಕಾಳನ್ನು ಅರೆದು, ಜೊಲ್ಲಿನಲ್ಲಿ ಕಲೆಸಿ, ಕಣಕದಂಥ ಉಂಡೆ ಮಾಡಬೇಕಾಗುತ್ತದೆ. ಕಾಳು ಹೊರುವ ಇರುವೆಗಳಲ್ಲೆಲ್ಲ ಹೆಚ್ಚು ಅಧ್ಯಯನ ಆಗಿರುವ ಮೆಡಿಟರೇನಿಯನ್ ಕಡೆಯ ಮೆಸ್ಸರ್ ಕುಲದಲ್ಲಿ ಈ ಕೆಲಸವನ್ನು ವಿವರವಾಗಿ ನೋಡಿದ್ದಾರೆ. ದಪ್ಪ ತಲೆಯ ಕೆಲಸಗಾರ್ತಿಯರ ತಲೆ ತುಂಬ ಇರುವುದು ದವಡೆಯ ಸ್ನಾಯು, ಗಟ್ಟಿ ಕಾಳು ಒಡೆಯುವುದು ಅವರ ಪಾಲು. ಸಿಪ್ಪೆ ಸುಲಿದು ಹೊರಗೆ ಹಾಕುವುದರಿಂದಲೇ ಬಾಯಿಯ ಸುತ್ತ ಬಳೆ ಮೂಡುತ್ತದೆ.

ಉಳಿದ ಕಾಳು ನೆಲದಡಿಯ ಕಣಜದ ಗೂಡುಗಳಿಗೆ ಹೋಗುತ್ತದೆ. ತೇವದ ನೆಲದಲ್ಲಿ ಅದು ಮೊಳೆಯುವುದಿಲ್ಲವೇ ಎಂಬುದು ಹಳೆಯ ಪ್ರಶ್ನೆ. ಮೊಳೆಯುತ್ತದೆ, ಆದರೆ ಇರುವೆ ಬಿಡುವುದಿಲ್ಲ. 1873ರಲ್ಲಿ ಕಾಳು ಹೊರುವ ಇರುವೆಗಳ ಬಗ್ಗೆ ಪುಸ್ತಕ ಬರೆದ ಇಂಗ್ಲೆಂಡಿನ ನಿಸರ್ಗತಜ್ಞ ಜಾನ್ ಟ್ರಾಹರ್ನ್ ಮಾಗ್ರಿಜ್ ಫ್ರಾನ್ಸಿನ ಮಾಂತೋನ್ ಊರಿನಲ್ಲಿ ಗೂಡುಗಳನ್ನು ಅಗೆದು ನೋಡಿದ. ಇರುವೆಗಳು ಓಡಾಡುವ ಕಣಜದಲ್ಲಿ ಕಾಳು ಸುಮ್ಮನಿರುತ್ತದೆ, ಇರುವೆಗಳನ್ನು ದೂರವಿಟ್ಟರೆ ಅದೇ ಕಾಳು ಮೊಳೆಯುತ್ತದೆ. ಮೊಳಕೆ ಇಣುಕಿದರೆ ಬೇರಿನ ತುದಿಯನ್ನೇ ಕಡಿದುಹಾಕುತ್ತವೆ. ಯುರೋಪಿನ ಪಂಡಿತರು ಅಲ್ಲಿಯವರೆಗೆ ಇರುವೆ ಕಾಳು ಕೂಡಿಡುತ್ತದೆ ಎಂಬುದನ್ನು ಹಳಬರ ಕಟ್ಟುಕಥೆ ಎಂದೇ ತಳ್ಳಿಹಾಕಿದ್ದರು. ತಣ್ಣನೆಯ ಉತ್ತರದ ಊರುಗಳಲ್ಲಿ ಅಂಥ ಇರುವೆ ಅವರ ಕಣ್ಣಿಗೆ ಬಿದ್ದಿರಲಿಲ್ಲ. ಅವರಿಗೆ ಮೊದಲ ಉತ್ತರ ಹೋದದ್ದು ನಮ್ಮ ಪಕ್ಕದ ಪುಣೆಯಿಂದ. ಈಸ್ಟ್ ಇಂಡಿಯಾ ಕಂಪನಿಯ ಸೈನ್ಯದ ಕರ್ನಲ್ ಡಬ್ಲ್ಯು. ಎಚ್. ಸೈಕ್ಸ್ ಅಲ್ಲಿಯ ಪರೇಡ್ ಮೈದಾನದ ಬಳಿ ಹಿಡಿ ಹಿಡಿಯಷ್ಟು ಹುಲ್ಲುಬೀಜದ ಗುಪ್ಪೆಗಳನ್ನು ಕಂಡ. ಮಳೆಗೆ ನೆನೆದ ದಾಸ್ತಾನನ್ನು ಇರುವೆಗಳು ಬಿಸಿಲು ಬಂದೊಡನೆ ಮೇಲೆ ತಂದು ಒಣಗಿಸುತ್ತಿದ್ದವು. 1835ರಲ್ಲಿ ಅವನು ಆ ಇರುವೆಗೆ ಇಟ್ಟ ಹೆಸರು ಪ್ರಾವಿಡೆನ್ಸ್, ಮುಂದಾಲೋಚನೆಯುಳ್ಳದ್ದು ಎಂದು. ಇಂದು ಅದು ಫೈಡೋಲೆ ಪ್ರಾವಿಡೆನ್ಸ್. ಮುಂಗಾರು ಹಿಡಿದು ಬಿಟ್ಟ ಮೊದಲ ಬಿಸಿಲಿನ ಬೆಳಗ್ಗೆ ನಿಮ್ಮ ಬದುವಿನ ಮೇಲೂ ಅಂಥ ಗುಪ್ಪೆ ಕಂಡರೆ ಅದನ್ನು ಹೊಸ ಕಳ್ಳತನ ಎಂದು ಎಣಿಸಬೇಡಿ. ಅದು ಹಳೆಯ ದಾಸ್ತಾನು, ಒಳಗೆ ಏನೇನು ಸೇರಿದೆ ಎಂದು ಅಗೆಯದೆ ನೋಡಲು ಅದಕ್ಕಿಂತ ಒಳ್ಳೆಯ ದಿನ ಸಿಗದು.

ಈಗ ನಷ್ಟದ ಲೆಕ್ಕ. ಸಾವಿರ ರಾಗಿ ಕಾಳು ಸುಮಾರು 2.7 ಗ್ರಾಂ ತೂಗುತ್ತದೆ. ಎಕರೆಗೆ 4 ಕೆಜಿ ಬಿತ್ತಿದರೆ ಹತ್ತಿರ ಹತ್ತಿರ 15 ಲಕ್ಷ ಕಾಳು, ಅಂದರೆ ಒಂದು ಚದರ ಮೀಟರಿಗೆ ಸುಮಾರು 365. ಸಾಲಿನಿಂದ ಸಾಲಿಗೆ 30 ಸೆಂಟಿಮೀಟರ್, ಗಿಡದಿಂದ ಗಿಡಕ್ಕೆ 10 ಸೆಂಟಿಮೀಟರ್ ಬಿಟ್ಟರೆ ಅದೇ ಜಾಗದಲ್ಲಿ ನಿಲ್ಲಬೇಕಾದ ಪೈರು 33. ಬಿತ್ತಿದ್ದರಲ್ಲಿ ಹತ್ತರಲ್ಲಿ ಒಂದು ಉಳಿದರೂ ಸಾಕು, ಮಿಕ್ಕಿದ್ದನ್ನು ಕುಂಟೆ ಹೊಡೆದು ನೀವೇ ತೆಳುಗೊಳಿಸುತ್ತೀರಿ. ಒಂದು ಗೂಡು ದಿನಕ್ಕೆ 5000 ಕಾಳು ಹೊತ್ತಿತು ಎಂದುಕೊಳ್ಳಿ. ತೂಕದಲ್ಲಿ ಅದು 14 ಗ್ರಾಂ ಕೂಡ ಆಗುವುದಿಲ್ಲ.

ಹಾಗೆಂದು ನಗಬೇಡಿ. ಇರುವೆ ಹೊಲದ ತುಂಬ ಸಮನಾಗಿ ಆರಿಸುವುದಿಲ್ಲ. ಗೂಡಿನ ಬಳಿಯಿಂದ, ದಾರಿಯ ಎರಡು ಮಗ್ಗುಲಿನಿಂದ ಬಾಚುತ್ತದೆ. ಆ 5000 ಕಾಳು ಒಂದೇ ಕಡೆಯಿಂದ ಹೋದರೆ ಸುಮಾರು 14 ಚದರ ಮೀಟರ್ ಬೋಳಾಗುತ್ತದೆ, ಐದು ದಿನ ನಡೆದರೆ ಸಾಧಾರಣ ಮನೆಯ ಅಂಗಳದಷ್ಟು. ನೀವು ಕಂಡು ಕಂಗೆಟ್ಟಿರುವುದು ಆ ತೇಪೆ. ಎಳ್ಳಿನಲ್ಲಿ ಇದೇ ಲೆಕ್ಕ ಕಹಿಯಾಗುತ್ತದೆ. ಎಕರೆಗೆ 1 ಕೆಜಿ ಬಿತ್ತಿದರೆ ಚದರ ಮೀಟರಿಗೆ 80ರಷ್ಟೇ ಕಾಳು ಬೀಳುತ್ತದೆ, ಅದೇ 5000 ಕಾಳಿಗೆ 60 ಚದರ ಮೀಟರ್ ಖಾಲಿ. ಎಳ್ಳು ಬೆಳೆಯುವವರು ಮುಂದಿನ ಮಾತುಗಳನ್ನು ರಾಗಿಯವರಿಗಿಂತ ಗಟ್ಟಿಯಾಗಿ ಹಿಡಿಯಬೇಕು.

5000 ಎಂಬುದು ಲೆಕ್ಕಕ್ಕೆ ಹಿಡಿದ ಅಂಕಿ, ನಿಮ್ಮ ಗೂಡಿನದನ್ನು ನೀವೇ ಎಣಿಸಬೇಕು. ಗೂಡಿನಿಂದ ಅರ್ಧ ಮೀಟರ್ ಆಚೆ ದಾರಿಗೆ ಅಡ್ಡ ಒಂದು ಕಡ್ಡಿ ಇಡಿ. ಗಂಟೆಗೊಮ್ಮೆ 5 ನಿಮಿಷ, ಕಡ್ಡಿ ದಾಟಿ ಒಳಗೆ ಹೋಗುವವುಗಳಲ್ಲಿ ರಾಗಿ ಹೊತ್ತವೆಷ್ಟು, ಬೇರೆ ಏನಾದರೂ ಹೊತ್ತವೆಷ್ಟು, ಬರಿಗೈಯವೆಷ್ಟು ಎಂದು ಬರೆದುಕೊಳ್ಳಿ. ಪ್ರತಿ ಎಣಿಕೆಯನ್ನು 12ರಿಂದ ಗುಣಿಸಿದರೆ ಆ ಗಂಟೆಯ ಲೆಕ್ಕ. ನೆಲ ಕಾದಾಗ ಸಾಲು ಕರಗಿ, ಸಂಜೆ ಮತ್ತೆ ಕಟ್ಟುತ್ತದೆ. ಆದ್ದರಿಂದ ಮಧ್ಯಾಹ್ನ ಒಂದು ಸಲ ನೋಡಿ ಇರುವೆ ಇಲ್ಲ ಎಂದು ತೀರ್ಮಾನಿಸುವುದೂ ತಪ್ಪು, ಬೆಳಗ್ಗೆ 8ರ ಎಣಿಕೆಯನ್ನು ಇಡೀ ದಿನಕ್ಕೆ ಹರಡುವುದೂ ತಪ್ಪು. ಎರಡು ಗೂಡು ಒಂದೇ ದಾರಿ ಹಂಚಿಕೊಂಡಂತೆ ಕಂಡರೆ ಒಂದಕ್ಕೆ ಅರಿಶಿನದ ಪುಡಿ ತಾಗಿಸಿದ ಕಾಳು ಕೊಟ್ಟು ಎಲ್ಲಿ ಹೋಗುತ್ತದೆ ನೋಡಿ.

ಹೊಟ್ಟನ್ನು ಓದುವುದು ಹೀಗೆ. ಬಳೆಯ ಮೂರು ಕಡೆಯಿಂದ ಒಂದೊಂದು ಚಮಚ ತೆಗೆದು ಬಿಳಿ ಹಾಳೆಯ ಮೇಲೆ ಹರಡಿ, ಮಣ್ಣಿನ ಹರಳು ಬೇರ್ಪಡಿಸಿ, ಕೈಗೆ ಬಂದ 100 ಸಿಪ್ಪೆಗಳನ್ನು ಗುಂಪು ಮಾಡಿ. ನಿಮ್ಮ ಹೊಲದಲ್ಲೇ ಮಾಗಿದ ಕೋಣನತಲೆ ಹುಲ್ಲು, ಗರಿಕೆ, ಅಣ್ಣೆಸೊಪ್ಪಿನ ತೆನೆಗಳನ್ನು ಉಜ್ಜಿ ಪಕ್ಕದಲ್ಲಿಟ್ಟುಕೊಂಡರೆ ಹೋಲಿಸುವುದು ಸುಲಭ. ನವಣೆ, ಸಾಮೆಯ ಸಿಪ್ಪೆ ನುಣುಪು, ಗಟ್ಟಿ, ತಕ್ಷಣ ಗುರುತು ಸಿಗುತ್ತದೆ. ಜೀರುಂಡೆಯ ರೆಕ್ಕೆ, ಗೆದ್ದಲಿನ ತಲೆಯೂ ಸಿಗಬಹುದು. ಕಾಳು ಹೊರುವ ಇರುವೆ ಸತ್ತ ಹುಳ ಸಿಕ್ಕರೆ ಬೇಡ ಎನ್ನುವುದಿಲ್ಲ.

ಇಲ್ಲಿ ಬಹಳ ಜನ ಜಾರುವ ಒಂದು ಜಾಗವಿದೆ. ಬಡಿದು ತೂರಿದ ರಾಗಿಗೆ ಸಿಪ್ಪೆಯೇ ಇಲ್ಲ. ಕಾಳಿನ ಮೇಲಿನ ತೆಳುಪೊರೆ ಸಡಿಲವಾಗಿದ್ದು ಒಕ್ಕಣೆಯಲ್ಲೇ ಹಾರಿಹೋಗಿರುತ್ತದೆ. ಹಾಗಾಗಿ ಇರುವೆ ಒಂದು ಸೇರು ರಾಗಿ ತಿಂದಿದ್ದರೂ ಬಳೆಯಲ್ಲಿ ಅದರ ಕುರುಹು ಇರುವುದಿಲ್ಲ. ಬಳೆ ತುಂಬ ಹುಲ್ಲಿನ ಹೊಟ್ಟೇ ಕಂಡಿತು, ರಾಗಿ ಮುಟ್ಟಿಲ್ಲ ಎನ್ನುವಂತಿಲ್ಲ. ಬಳೆ ಹೇಳುವುದು ವರ್ಷವಿಡೀ ಆ ಗೂಡು ಎಷ್ಟು ಬಗೆಯ ಕಳೆಬೀಜ ತಿಂದಿತು ಎಂಬುದನ್ನು. ಬಿತ್ತನೆಯ ವಾರದ ರಾಗಿಯ ಲೆಕ್ಕಕ್ಕೆ ದಾರಿಯ ಎಣಿಕೆಯೇ ಬೇಕು. ಹದಿನೈದು ನಿಮಿಷ ಕೂತು, ವಾಪಸು ಬರುವ ಇರುವೆಗಳ ಬಾಯಿಂದ ಚಿಮಟದಲ್ಲಿ ಹೊರೆ ಕಸಿದು ಡಬ್ಬಿಗೆ ಹಾಕಿಕೊಂಡರೆ ಇನ್ನೂ ಖಚಿತ. ಎರಡನ್ನೂ ಪಕ್ಕಪಕ್ಕ ಇಟ್ಟಾಗ ಹೆಚ್ಚಿನ ಹೊಲಗಳಲ್ಲಿ ಕಾಣುವ ಚಿತ್ರ ಇದು: ವರ್ಷದ ಬಹುಪಾಲು ದಿನ ಕಳೆಯ ಬೀಜ, ಬಿತ್ತನೆಯ ನಾಲ್ಕಾರು ದಿನ ನಿಮ್ಮ ಬೀಜ, ಕಣದ ಕಾಲದಲ್ಲಿ ಚೆಲ್ಲಿದ ಕಾಳು.

ಅಂದರೆ ನೀವು ಕಾಯಬೇಕಾದುದು ಆ ನಾಲ್ಕಾರು ದಿನಗಳನ್ನು. ಮೊಳೆತು ಬೇರುಬಿಟ್ಟ ಪೈರು ಇರುವೆಗೆ ಬೇಡ. ಮಳೆ ಬರಲಿ ಎಂದು ಒಣನೆಲದಲ್ಲಿ ಬೀಜ ಚೆಲ್ಲಿ ಕೂತರೆ ಅದು ಹತ್ತು ದಿನದ ಊಟ ಬಡಿಸಿದಂತೆ. ಹದ ನೋಡಿ ಬಿತ್ತಿ. ಚೆಲ್ಲುವ ಬದಲು ಕೂರಿಗೆಯಲ್ಲಿ 2-3 ಸೆಂಟಿಮೀಟರ್ ಆಳಕ್ಕೆ ಇಳಿಸಿ, ಹಿಂದೆಯೇ ಹಲಗೆ ಎಳೆಯಿರಿ. ಚೆಲ್ಲಿದ ಬೀಜ ನೆಲದ ಮೇಲೇ ಕಾಣುವಂತೆ ಉಳಿದದ್ದೇ ನಿಮ್ಮ ಹೊಲದಲ್ಲಿ ಆದ ಮುಖ್ಯ ಎಡವಟ್ಟು. ಇದಕ್ಕಿಂತ ಆಳ ಬೇಡ, ರಾಗಿ ಮೇಲೆ ಬರಲಾರದೆ ಇರುವೆಯ ಪಾಲಿಗಿಂತ ಹೆಚ್ಚು ನೀವೇ ಕಳೆದುಕೊಳ್ಳುತ್ತೀರಿ.

ಬೀಜ ಹದಗೊಳಿಸುವುದು ಎರಡನೆಯ ಉಪಾಯ. ಬರ ತಡೆಯಲಿ ಎಂದು ರಾಗಿಗೆ ಶಿಫಾರಸಾದ ವಿಧಾನವೇ ಇಲ್ಲೂ ಕೆಲಸಕ್ಕೆ ಬರುತ್ತದೆ. ಕೆಜಿ ಬೀಜಕ್ಕೆ 1 ಲೀಟರ್ ನೀರು, 6 ಗಂಟೆ ನೆನೆಸಿ. ನೀರು ಬಸಿದು ಒದ್ದೆ ಬಟ್ಟೆಯಲ್ಲಿ ಬಿಗಿಯಾಗಿ ಕಟ್ಟಿ ಎರಡು ದಿನ ಇಡಿ. ಮೊಳಕೆಯ ಬಿಳಿ ಚುಕ್ಕೆ ಇಣುಕುವಾಗ ತೆಗೆದು ನೆರಳಿನಲ್ಲಿ ಒಣಬಟ್ಟೆಯ ಮೇಲೆ ಎರಡು ದಿನ ಆರಿಸಿ ಬಿತ್ತಿ. ಹೀಗೆ ಮಾಡಿದ ಬೀಜ ನೆಲದಲ್ಲಿ ಬೇಗ ಏಳುತ್ತದೆ, ಇರುವೆಗೆ ಸಿಗುವ ದಿನ ಕಡಿಮೆಯಾಗುತ್ತದೆ. ಕೆಡುವುದು ಎರಡು ಕಡೆ: ಬಟ್ಟೆಯ ಗಂಟನ್ನು ಮರೆತು ಮೊಳಕೆ ಉದ್ದವಾದರೆ ಒಣಗಿಸುವಾಗ ಮುರಿದು ಸಾಯುತ್ತದೆ. ಬಿಸಿಲಲ್ಲಿ ಒಣಗಿಸಿದರೂ ಅಷ್ಟೇ.

ಸಸಿಮಡಿಯ ಮಾತು ಬೇರೆ. ನಾಟಿಗೆ ಎಕರೆಗೆ ಸುಮಾರು 2 ಕೆಜಿ ಬೀಜವನ್ನು ಕೆಲವೇ ಮಡಿಗಳಲ್ಲಿ ಚೆಲ್ಲಿರುತ್ತೀರಿ, ಒಂದು ಗೂಡು ಅಲ್ಲಿಗೆ ದಾರಿ ಕಂಡುಕೊಂಡರೆ ಎರಡು ದಿನದಲ್ಲಿ ಮಡಿಯ ಒಂದು ಮೂಲೆ ಖಾಲಿ. ಮಡಿ ಹಾಕುವ ಮುಂಚೆ ಸುತ್ತ ಹತ್ತು ಹದಿನೈದು ಹೆಜ್ಜೆ ನಡೆದು ಹೊಟ್ಟಿನ ಬಳೆ ಇದೆಯೇ ನೋಡಿ, ಇದ್ದರೆ ಮಡಿಯನ್ನೇ ಸರಿಸಿ. ಚೆಲ್ಲಿದ ಮೇಲೆ ಪುಡಿಗೊಬ್ಬರ ತೆಳ್ಳಗೆ ಮುಚ್ಚಿ, ಸುತ್ತ ಗೇಣಗಲದ ಕಾಲುವೆ ತೆಗೆದು ಮೂರು ನಾಲ್ಕು ದಿನ ನೀರು ನಿಲ್ಲಿಸಿ. ಕಾಲುವೆಗೆ ಅಡ್ಡ ಒಂದು ಹುಲ್ಲುಕಡ್ಡಿ ಬಿದ್ದರೂ ಅದೇ ಸೇತುವೆ, ಬೆಳಗ್ಗೆ ಸಂಜೆ ಕಣ್ಣಾಡಿಸಿ.

ಗೂಡಿನ ಬಳಿ ನುಚ್ಚು ಚೆಲ್ಲಿ ಇರುವೆಯನ್ನು ಅಲ್ಲೇ ತಡೆಹಿಡಿಯುವ ಉಪಾಯವನ್ನೂ ಕೆಲವರು ಮಾಡುತ್ತಾರೆ. ತರ್ಕ ಸರಿ, ಹತ್ತಿರ ಸಿಗುವುದನ್ನು ಬಿಟ್ಟು ದೂರ ಹೋಗುವುದಿಲ್ಲ. ಆದರೆ ನುಚ್ಚನ್ನು ಹೊಲದ ಕಡೆಗೆ ಚೆಲ್ಲಿದರೆ ನೀವೇ ದಾರಿ ತೋರಿಸಿದಂತೆ, ನುಚ್ಚು ಮುಗಿದ ದಿನ ಅದೇ ಸಾಲು ಮುಂದುವರಿದು ಬೀಜಕ್ಕೆ ಬೀಳುತ್ತದೆ. ಬದುವಿನ ಆಚೆ ಬದಿಗೆ, ದಿನಕ್ಕೊಂದು ಹಿಡಿ, ಪೈರು ಕಾಣುವವರೆಗೆ ಬಿಡದೆ ಹಾಕುವುದಾದರೆ ಮಾತ್ರ ಕೈಹಾಕಿ. ಬೂದಿಯ ಗೆರೆ ಗಾಳಿ ಬೀಸುವವರೆಗೆ, ಸೀಮೆಸುಣ್ಣದ ಗೆರೆ ಮಳೆ ಹನಿಯುವವರೆಗೆ. ಕಣದಲ್ಲಿ ಒಂದು ರಾತ್ರಿಗೆ ಅವು ಸಾಕು, ಹೊಲಕ್ಕೆ ಆಗುವುದಿಲ್ಲ.

ಈಗ ಹರಳಿನ ವಿಷಯ. ಅಂಗಡಿಯವರು ಹೇಳಿದ್ದು ಫೋರೇಟ್ ಆಗಿದ್ದರೆ ಅದು 2020ರ ಡಿಸೆಂಬರ್ 31ರಿಂದ ದೇಶದಲ್ಲಿ ಪೂರ್ತಿ ನಿಷಿದ್ಧ, ಹಳೆಯ ದಾಸ್ತಾನು ಮಾರುವುದೂ ತಪ್ಪು. ಬೇರೆ ಪುಡಿಯಾದರೂ ಫಲ ಅಷ್ಟಕ್ಕಷ್ಟೇ. ಗೂಡಿನ ಬಾಯಿಗೆ ಸುರಿದದ್ದು ಮೇಲಿನ ಕೊಠಡಿಗಳಲ್ಲೇ ಉಳಿಯುತ್ತದೆ. ಸಾಯುವುದು ಹೊರಗೆ ದುಡಿಯುವ ವಯಸ್ಸಾದ ಕೆಲಸಗಾರ್ತಿಯರು, ಹೇಗೂ ಆಯಸ್ಸು ತೀರುತ್ತಿದ್ದವರು. ಮೊಟ್ಟೆಯಿಡುವ ರಾಣಿ ಆಳದಲ್ಲಿರುತ್ತಾಳೆ. ನಾಲ್ಕು ದಿನ ಸದ್ದಿಲ್ಲದೆ ಇದ್ದು ಒಂದಡಿ ಆಚೆ ಹೊಸ ಬಾಯಿ ತೆರೆಯುತ್ತಾರೆ. ಕೊಡಗಟ್ಟಲೆ ನೀರು, ಸೀಮೆಎಣ್ಣೆಗೂ ಇದೇ ಗತಿ, ಮೇಲಾಗಿ ಸೀಮೆಎಣ್ಣೆ ಬಿದ್ದ ಜಾಗದಲ್ಲಿ ಒಂದೆರಡು ಬೆಳೆ ಏನೂ ಏಳುವುದಿಲ್ಲ. ನೆಲದ ಮೇಲೆ ಉಳಿದ ಹರಳನ್ನು ಕಾಳೆಂದು ಹೆಕ್ಕುವುದು ಗೌಜಲಹಕ್ಕಿ, ಗುಬ್ಬಿ, ನಿಮ್ಮದೇ ಕೋಳಿ. ಬೆಲ್ಲದ ಪಾಕದಲ್ಲಿ ವಿಷ ಕಲೆಸಿ ಇಡುವವರು ಇನ್ನೊಂದು ತಪ್ಪು ಮಾಡುತ್ತಾರೆ: ಸಿಹಿಗೆ ಮೊದಲು ಬರುವುದು ಗೊದ್ದ ಮತ್ತಿತರ ಇರುವೆಗಳು, ಕಾಳು ಹೊರುವುದು ಅದರ ಹತ್ತಿರ ಸುಳಿಯುವುದೂ ಕಡಿಮೆ. ಮಾಗಿ ಉಳುಮೆಗೂ ಗೂಡು ಪೂರ್ತಿ ನಾಶವಾಗದು, ಆದರೆ ಹೊಲದ ನಡುವಿನ ಗೂಡುಗಳು ಕದಡಿ ಬದುವಿಗೆ ಸರಿಯುತ್ತವೆ. ಬದುವಿನಲ್ಲಿರುವ ಗೂಡು ಕಳೆಬೀಜವನ್ನೂ ತಿನ್ನುವುದರಿಂದ ಅಷ್ಟೇ ಸಾಕು ಎಂಬುದು ಈ ಉತ್ತರ ಬರೆಯುವವರ ಅಭಿಪ್ರಾಯ.

ಕೊನೆಯದಾಗಿ, ಹೆಸರು ಖಚಿತವಾಗಬೇಕಿದ್ದರೆ ಮಾದರಿ ಕಳಿಸಿ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಕೀಟಶಾಸ್ತ್ರ ವಿಭಾಗದಲ್ಲಿ ಕೇಳಿ, ಕರ್ನಾಟಕದ ಇರುವೆಗಳ ಪಟ್ಟಿ ಮಾಡಿದ ಟಿ. ಎಂ. ಮುಷ್ತಾಕ್ ಅಲಿ ಅವರು ದುಡಿದ ಜಾಗ ಅದು. ಒಂದೇ ಗೂಡಿನಿಂದ 10-15 ಇರುವೆ ಹಿಡಿಯಿರಿ, ದೊಡ್ಡದು ಸಣ್ಣದು ಎಲ್ಲ ಗಾತ್ರದವೂ ಇರಲಿ. ಬರೀ ಸಣ್ಣವನ್ನು ಕಳಿಸಿದರೆ ತಜ್ಞರೂ ತಡವರಿಸುತ್ತಾರೆ. 95 ಶೇಕಡ ಆಲ್ಕೋಹಾಲಿನ ಚಿಕ್ಕ ಶೀಶೆಗೆ ಹಾಕಿ. ಅದು ಸಿಗದಿದ್ದರೆ ಸರ್ಜಿಕಲ್ ಸ್ಪಿರಿಟ್ ಕೆಲವು ದಿನಕ್ಕೆ ನಡೆಯುತ್ತದೆ. ಕೈಗೆ ಹಚ್ಚುವ ಸ್ಯಾನಿಟೈಸರ್ ಜೆಲ್ ಬೇಡ, ಮೈಗೆ ಅಂಟಿ ತಲೆಯ ಗೀರು ಕಾಣದಂತಾಗುತ್ತದೆ. ದಿನಾಂಕ, ಊರು, ಹೋಬಳಿ, ಮಣ್ಣಿನ ಬಗೆ, ಗೂಡು ಬದುವಿನಲ್ಲೋ ಹೊಲದಲ್ಲೋ, ಬಾಯಲ್ಲಿ ಹೊತ್ತಿದ್ದೇನು ಎಂದು ಒಂದು ಚೀಟಿಯಲ್ಲಿ ಬರೆದು ಶೀಶೆಯ ಒಳಗೇ ಹಾಕಿ. ಪೆನ್ಸಿಲಿನಲ್ಲೇ ಬರೆಯಿರಿ, ಪೆನ್ನಿನ ಶಾಯಿ ಆಲ್ಕೋಹಾಲಿನಲ್ಲಿ ಕರಗಿ ಚೀಟಿಯೂ ಹೋಗುತ್ತದೆ, ಇರುವೆಗೂ ನೀಲಿ ಬಳಿಯುತ್ತದೆ.